ಗಿರಕಿಯ ಬೆಲೆ

2025ರ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಯ ಏರ್ ಶೋಗೆ ರಷ್ಯಾದ ಸುಖೋಯ್-57 ಮತ್ತು ಅಮೆರಿಕದ ಎಫ್-35 ಎರಡೂ ಬಂದಿಳಿದಾಗ ನಮ್ಮ ಪತ್ರಿಕೆಗಳಿಗೆ ‘ಲೋಹದ ಹಕ್ಕಿಗಳ ಚಿತ್ತಾರ’ ಎಂದಿನಂತೆ ಸುಗ್ಗಿ ತಂದಿತು. ಚಿತ್ತಾರ ಬಿಡಿಸುವ ಮಾತಾದರೆ ಸುಖೋಯ್‌ನದೇ ಮೇಲುಗೈ. ಅದರ ಎಂಜಿನ್ನಿನ ನಳಿಕೆಗಳು ಹಾರಾಟದ ನಡುವೆಯೇ ಓರೆಯಾಗಬಲ್ಲವು. ಬಿಸಿ ಅನಿಲದ ಧಾರೆ ನೇರ ಹಿಂದಕ್ಕೆ ಹೋಗುವ ಬದಲು ಓರೆಯಾಗಿ ಹೊರಟು ವಿಮಾನದ ಬಾಲವನ್ನು ಪಕ್ಕಕ್ಕೆ ನೂಕುತ್ತದೆ. ಬಾಲ ಅತ್ತ ಸರಿದರೆ ಮೂಗು ಇತ್ತ ತಿರುಗುತ್ತದೆ. ಥ್ರಸ್ಟ್ ವೆಕ್ಟರಿಂಗ್ ಎಂದು ಕರೆಯುವ ಈ ಏರ್ಪಾಡಿನಿಂದಲೇ ಇಂಥ ವಿಮಾನ ಗಾಳಿಯಲ್ಲಿ ನಿಂತಂತೆ ನಿಂತು, ತನ್ನ ಸುತ್ತ ತಾನೇ ಗಿರಕಿ ಹೊಡೆದು, ಎಲೆಯ ಹಾಗೆ ತೇಲಿ ಇಳಿಯಬಲ್ಲದು. ಎಫ್-35ಎ ವಿಮಾನದಲ್ಲಿ ಇದು ಇಲ್ಲ. ಜಗತ್ತಿನ ಅತಿ ದುಬಾರಿ ಶಸ್ತ್ರಾಸ್ತ್ರ ಯೋಜನೆಯೊಂದು ಹಣದ ಕೊರತೆಯಿಂದ ಇದನ್ನು ಕೈಬಿಟ್ಟಿತು ಎಂದು ನಂಬುವುದು ಕಷ್ಟ. ಹತ್ತಿರದ ಸೆಣಸಾಟಕ್ಕೆಂದು ಬೆಳೆಸಿದ ಈ ವಿದ್ಯೆಯ ಕೆಲಸವನ್ನು ಆ ಸೆಣಸಾಟದಲ್ಲಿ ಕ್ಷಿಪಣಿ ಎಂದೋ ಕಸಿದುಕೊಂಡಿದೆ ಎಂಬುದು ನನ್ನ ವಾದ. ಹಾಗೆಂದು ವಿದ್ಯೆಯೇ ವ್ಯರ್ಥವಲ್ಲ. ಅದರ ನಿಜವಾದ ಉಪಯೋಗ ನಾವು ಕತ್ತೆತ್ತಿ ನೋಡುವ ಗಿರಕಿಯಲ್ಲಿ ಇಲ್ಲ, ಅಷ್ಟೆ.

ಮೊದಲು ಲೆಕ್ಕ ನೋಡೋಣ. ವಿಮಾನವನ್ನು ತಿರುಗಿಸುವುದು ಮುಖ್ಯವಾಗಿ ರೆಕ್ಕೆ, ಎಂಜಿನ್ ಅಲ್ಲ. ರೆಕ್ಕೆಯ ಎತ್ತುಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ತನ್ನ ತೂಕದ ಒಂಬತ್ತು ಪಟ್ಟು ಬಲವನ್ನು, ಅಂದರೆ 9 ಜಿ ಹೊರೆಯನ್ನು ತಾಳಿ ತಿರುಗಿದರೆ ಸೆಕೆಂಡಿಗೆ ಸುಮಾರು 20 ಡಿಗ್ರಿ ಹೊರಳುತ್ತದೆ. ಆ ವೃತ್ತದ ತ್ರಿಜ್ಯ ಸುಮಾರು 700 ಮೀಟರ್. ಮೂಗನ್ನು ಒಂದು ಮಿತಿ ಮೀರಿ ಎತ್ತಿದರೆ ಗಾಳಿ ರೆಕ್ಕೆಯ ಮೈಬಿಟ್ಟು ಹರಿಯುತ್ತದೆ, ಎತ್ತುಬಲ ಕುಸಿಯುತ್ತದೆ. ಇದೇ ಸ್ಟಾಲ್. ಆ ಹೊತ್ತಿಗೆ ಬಾಲದ ಫಲಕಗಳೂ ಮಾತು ಕೇಳುವುದಿಲ್ಲ. ಓರೆಯಾಗುವ ನಳಿಕೆ ನೆರವಿಗೆ ಬರುವುದು ಇಲ್ಲಿ: ಎರಡು ಎಂಜಿನ್‌ಗಳ ಒಟ್ಟು 25 ಟನ್ ನೂಕುಬಲವನ್ನು 15 ಡಿಗ್ರಿ ಓರೆಯಾಗಿಸಿದರೆ ಬಾಲದ ತುದಿಯಲ್ಲಿ ಆರೂವರೆ ಟನ್ನಿನಷ್ಟು ಅಡ್ಡಬಲ ಸಿಗುತ್ತದೆ, ಗಾಳಿಯ ಹಂಗಿಲ್ಲದೆ. ಆದರೆ ಈ ಬಲ ಮೂಗನ್ನು ತಿರುಗಿಸುತ್ತದೆಯೇ ಹೊರತು ವಿಮಾನ ಸಾಗುವ ದಾರಿಯನ್ನು ಅಷ್ಟಾಗಿ ತಿರುಗಿಸುವುದಿಲ್ಲ. ಈ ವ್ಯತ್ಯಾಸ ಮರೆತವರೇ ಥ್ರಸ್ಟ್ ವೆಕ್ಟರಿಂಗ್ ಇದ್ದರೆ ‘ಬೇಗ ತಿರುಗಬಹುದು’ ಎಂದು ಹೊಗಳುವವರು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 900 ಕಿಲೋಮೀಟರ್ ವೇಗದ ವಿಮಾನ ಗಿರಕಿಯಲ್ಲಿ 200ಕ್ಕೆ ಇಳಿದರೆ ಅದರ ಚಲನಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಎತ್ತರದ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 3,000 ಮೀಟರ್ ಎತ್ತರವನ್ನು ಕೆಲವೇ ಸೆಕೆಂಡುಗಳಲ್ಲಿ ಖರ್ಚು ಮಾಡಿದಂತೆ. ಗುರುತ್ವಾಕರ್ಷಣೆಯಷ್ಟೇ ಬಿರುಸಿನ ವೇಗೋತ್ಕರ್ಷ ಸಿಕ್ಕಿತೆಂದೇ ಇಟ್ಟುಕೊಂಡರೂ ಹಳೆಯ ವೇಗಕ್ಕೆ ಮರಳಲು 20 ಸೆಕೆಂಡು ಬೇಕು. ಗಾಳಿಯ ಎಳೆತ ಇರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಶಬ್ದಕ್ಕಿಂತ ಎರಡೂವರೆ ಪಟ್ಟು ವೇಗದ ಕ್ಷಿಪಣಿಯೊಂದು ಅಷ್ಟರಲ್ಲಿ ಹದಿನೈದು ಕಿಲೋಮೀಟರ್ ದಾಟಿರುತ್ತದೆ.

ಈ ಬೆಲೆ ಗೊತ್ತಿದ್ದೂ ಎಂಜಿನಿಯರುಗಳು ಇದರ ಹಿಂದೆ ಬಿದ್ದದ್ದಕ್ಕೆ ಬಲವಾದ ಕಾರಣವಿತ್ತು. ಎದುರಾಳಿಯ ಬೆನ್ನ ಹಿಂದೆ ಹೋಗದೆಯೇ, ಯಾವ ಕೋನದಿಂದಲಾದರೂ ಗುರಿ ಹಿಡಿಯುವ ಶಾಖ-ಅನ್ವೇಷಕ ಕ್ಷಿಪಣಿಗಳು 1970ರ ದಶಕದ ಕೊನೆಗೆ ಬಂದವು. ಹಾಗಾದರೆ ಗೆಲುವು ಯಾರದು? ಯಾರ ಮೂಗು ಮೊದಲು ಶತ್ರುವಿನ ಕಡೆ ತಿರುಗುತ್ತದೋ ಅವರದು. ಜರ್ಮನಿಯ ವೋಲ್ಫ್‌ಗಾಂಗ್ ಹೆರ್ಬ್ಸ್ಟ್ ಈ ತರ್ಕವನ್ನು ಕೊನೆಯವರೆಗೂ ಎಳೆದರು: ಒಂದು ಕ್ಷಣದ ಮುನ್ನಡೆಗಾಗಿ ವೇಗವನ್ನು ಬಲಿಕೊಟ್ಟರೂ ಲಾಭವೇ, ಸ್ಟಾಲ್ ಆದಮೇಲೂ ಹತೋಟಿ ಉಳಿಸಿಕೊಳ್ಳುವ ವಿಮಾನ ಬೇಕು ಎಂದರು. ಅವರ ಯೋಚನೆ ಅಮೆರಿಕ-ಜರ್ಮನಿಗಳ ಜಂಟಿ ಪ್ರಯೋಗವಾಗಿ ಎಕ್ಸ್-31 ರೂಪ ತಳೆದು 1990ರ ಅಕ್ಟೋಬರ್‌ನಲ್ಲಿ ಹಾರಿತು. ಎಂಜಿನ್ನಿನ ಹಿಂದೆ ಮೂರು ಕಾರ್ಬನ್ ಹಲಗೆಗಳು ಅನಿಲದ ಧಾರೆಗೆ ಅಡ್ಡ ಬಂದು ದಿಕ್ಕು ತಪ್ಪಿಸುತ್ತಿದ್ದವು. ಮೂಗನ್ನು 70 ಡಿಗ್ರಿಯಷ್ಟು ಎತ್ತಿ ಹತೋಟಿಯಲ್ಲೇ ಹಾರಿದ ಅದು, 1993ರ ಏಪ್ರಿಲ್‌ನಲ್ಲಿ ಹೆರ್ಬ್ಸ್ಟ್ ಹೆಸರನ್ನೇ ಹೊತ್ತ ತಿರುವನ್ನು ಮಾಡಿ ತೋರಿಸಿತು. ಎಫ್-18ರ ಜೊತೆ ಒಂಟಿಗೆ ಒಂಟಿಯಾಗಿ ನಡೆಸಿದ ಅಣಕು ಕಾಳಗಗಳಲ್ಲಿ ಬಹುಪಾಲು ಅದೇ ಗೆದ್ದಿತು. ಥ್ರಸ್ಟ್ ವೆಕ್ಟರಿಂಗ್ ಪರವಾಗಿರುವ ಅತ್ಯುತ್ತಮ ಪುರಾವೆ ಇದು, ಏರ್ ಶೋ ವಿಡಿಯೊಗಳಲ್ಲ. ಅಂದಹಾಗೆ, 1989ರಲ್ಲಿ ಪ್ಯಾರಿಸ್ಸಿನಲ್ಲಿ ವಿಕ್ಟರ್ ಪುಗಚೋವ್ ಹೆಡೆಯೆತ್ತಿದ ನಾಗರದಂತೆ ವಿಮಾನವನ್ನು ನಿಲ್ಲಿಸಿ ಜಗತ್ತನ್ನು ಬೆರಗುಗೊಳಿಸಿದರಲ್ಲ, ಆ ಸುಖೋಯ್-27ಕ್ಕೆ ಓರೆಯಾಗುವ ನಳಿಕೆಯೇ ಇರಲಿಲ್ಲ.

ಹೆರ್ಬ್ಸ್ಟ್ ತರ್ಕ ತಪ್ಪಲ್ಲ. ಅದು ನಿಂತಿದ್ದ ನೆಲವೇ ಕುಸಿಯಿತು. ಕ್ಷಿಪಣಿ ಹಾರಿಸಲು ವಿಮಾನದ ಮೂಗು ಶತ್ರುವಿನತ್ತ ಇರಲೇಬೇಕು ಎಂಬುದು ಅದರ ಆಧಾರವಾಗಿತ್ತು. ಸೋವಿಯತ್ ಎಂಜಿನಿಯರುಗಳು ಇನ್ನೊಂದು ದಾರಿ ಹಿಡಿದಿದ್ದರು: ಪೈಲಟ್ಟಿನ ಹೆಲ್ಮೆಟ್ಟಿಗೇ ಗುರಿಗಣ್ಣು ಕಟ್ಟಿ, ಅವನು ತಲೆ ತಿರುಗಿಸಿ ನೋಡಿದತ್ತ ಕ್ಷಿಪಣಿಯ ಕಣ್ಣೂ ತಿರುಗುವಂತೆ ಮಾಡಿದರು. ಜರ್ಮನಿ ಒಂದಾದ ಮೇಲೆ ಪೂರ್ವ ಜರ್ಮನಿಯ ಮಿಗ್-29ಗಳು ನೇಟೊ ಪಾಲಾದವು. ಅವುಗಳ ಜೊತೆ ಅಭ್ಯಾಸಕ್ಕಿಳಿದ ಪಾಶ್ಚಾತ್ಯ ಪೈಲಟ್‌ಗಳನ್ನು ಈ ಹೆಲ್ಮೆಟ್ ಮತ್ತು ಆರ್-73 ಕ್ಷಿಪಣಿಯ ಜೋಡಿ ನಿದ್ದೆಗೆಡಿಸಿತು. ಪಾಶ್ಚಾತ್ಯ ದೇಶಗಳ ಪ್ರತಿಕ್ರಿಯೆಯನ್ನು ಗಮನಿಸಿ. ವಿಮಾನಗಳಿಗೆಲ್ಲ ತಿರುಗುವ ನಳಿಕೆ ಜೋಡಿಸಲಿಲ್ಲ; ಎಐಎಂ-9ಎಕ್ಸ್, ಐರಿಸ್-ಟಿ ಎಂಬ ಹೊಸ ಕ್ಷಿಪಣಿಗಳನ್ನೂ ಹೊಸ ಹೆಲ್ಮೆಟ್‌ಗಳನ್ನೂ ಮಾಡಿಕೊಂಡರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆರ್-73, ಎಐಎಂ-9ಎಕ್ಸ್, ಐರಿಸ್-ಟಿ ಮೂರರಲ್ಲೂ ರಾಕೆಟ್ಟಿನ ಧಾರೆಯನ್ನು ಓರೆಯಾಗಿಸುವ ವ್ಯವಸ್ಥೆ ಇದೆ. ಅಂದರೆ ಥ್ರಸ್ಟ್ ವೆಕ್ಟರಿಂಗ್ ಸೋಲಲಿಲ್ಲ. ಇಪ್ಪತ್ತೈದು ಟನ್ನಿನ ವಿಮಾನದಿಂದ ನೂರು ಕಿಲೋ ಆಸುಪಾಸಿನ ಕ್ಷಿಪಣಿಗೆ ಅದು ವರ್ಗವಾಯಿತು. ಆ ವರ್ಗಾವಣೆ ನ್ಯಾಯವಾದದ್ದೇ. 9 ಜಿ ದಾಟಿದರೆ ಪೈಲಟ್ಟಿನ ಮಿದುಳಿಗೆ ರಕ್ತ ಏರುವುದಿಲ್ಲ. ಕ್ಷಿಪಣಿಗೆ ಪ್ರಜ್ಞೆ ತಪ್ಪುವ ಭಯವಿಲ್ಲ. ವಿಮಾನ ವೇಗ ಕಳೆದುಕೊಂಡರೆ ಮನುಷ್ಯ ಸಾಯುತ್ತಾನೆ. ಕ್ಷಿಪಣಿ ಹೇಗಿದ್ದರೂ ಮರಳಿ ಬರುವುದಿಲ್ಲ. ನಮ್ಮ ಸುಖೋಯ್-30 ಎಂಕೆಐ ತಿರುಗುವ ನಳಿಕೆಯನ್ನೂ ಹೊತ್ತಿದೆ, ಅದನ್ನು ಬಹುಮಟ್ಟಿಗೆ ಅನಾವಶ್ಯಕ ಮಾಡಿದ ಆರ್-73 ಮತ್ತು ಹೆಲ್ಮೆಟ್ಟನ್ನೂ ಹೊತ್ತಿದೆ.

ಅಭ್ಯಾಸ ಕಾಳಗಗಳು ಏನು ಹೇಳುತ್ತವೆ? ಅವುಗಳ ಫಲಿತಾಂಶ ಹೇಳುವವರ ಸಮವಸ್ತ್ರದ ಬಣ್ಣ ನೋಡಿ ಬದಲಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2008ರಲ್ಲಿ ನಮ್ಮ ಸುಖೋಯ್‌ಗಳು ಅಮೆರಿಕದ ರೆಡ್ ಫ್ಲ್ಯಾಗ್ ಕವಾಯತಿಗೆ ಹೋಗಿ ಬಂದಮೇಲೆ ಅಲ್ಲಿನ ಅಧಿಕಾರಿಯೊಬ್ಬರ ಭಾಷಣದ ವಿಡಿಯೊ ಹೊರಬಿತ್ತು. ನಳಿಕೆ ತಿರುಗಿಸಿ ಮೂಗು ಹೊರಳಿಸಿದ ಸುಖೋಯ್ ವೇಗ ಕಳೆದುಕೊಂಡು ಕೆಳಕ್ಕೆ ಕುಸಿಯುತ್ತದೆ, ಎಫ್-15 ಮೇಲಕ್ಕೆ ಚಿಮ್ಮಿ ಮತ್ತೆ ಎರಗಿದರೆ ಸಾಕು ಎಂಬುದು ಅವರ ಮಾತಿನ ಸಾರ. ಭಾರತದ ಕಡೆಯವರು ಅದನ್ನು ಒಪ್ಪಲಿಲ್ಲ. 2015ರಲ್ಲಿ ಇಂಗ್ಲೆಂಡಿನ ಇಂದ್ರಧನುಷ್ ಕವಾಯತಿನಲ್ಲಿ ಟೈಫೂನ್‌ಗಳ ಮೇಲೆ 12-0 ಗೆಲುವು ನಮ್ಮದೆಂದು ಇಲ್ಲಿನ ಮಾಧ್ಯಮಗಳಲ್ಲಿ ಬಂತು. ಬ್ರಿಟಿಷರು ನಕ್ಕು ತಳ್ಳಿಹಾಕಿದರು. ಈ ಎರಡು ಹಕ್ಕುಸಾಧನೆಗಳನ್ನು ಪರಸ್ಪರ ವಜಾ ಮಾಡಿ ಪಕ್ಕಕ್ಕಿಡೋಣ. 2012ರಲ್ಲಿ ಅಲಾಸ್ಕಾದಲ್ಲಿ ನಡೆದದ್ದು ಹೆಚ್ಚು ಉಪಯುಕ್ತ. ಅಲ್ಲಿ ಜರ್ಮನ್ ಟೈಫೂನ್‌ಗಳು ತಿರುಗುವ ನಳಿಕೆಯ ಎಫ್-22 ಜೊತೆ ಹತ್ತಿರದಿಂದ ಸೆಣಸಿ, ಸರಿಸಮ ನಿಂತೆವು ಎಂದವು. ದೂರದ ಕಾಳಗದಲ್ಲಿ ಎಫ್-22ಗೆ ಎಣೆಯಿಲ್ಲ ಎಂಬುದನ್ನೂ ಅದೇ ಜರ್ಮನ್ನರು ಒಪ್ಪಿಕೊಂಡರು. ತನ್ನ ವಿರುದ್ಧ ತಾನೇ ನುಡಿಯುವ ಸಾಕ್ಷಿಗೆ ತೂಕ ಹೆಚ್ಚು. ಎಫ್-22ರ ಹೆಚ್ಚುಗಾರಿಕೆ ಅದರ ಅಗೋಚರತೆ, ರಡಾರ್, ಎತ್ತರ, ವೇಗಗಳಲ್ಲಿತ್ತು. ನಳಿಕೆ ಬಳಸಿ ನಿಧಾನಕ್ಕೆ ಇಳಿದೊಡನೆ ಅದು ಉಳಿದ ವಿಮಾನಗಳ ಮಟ್ಟಕ್ಕೆ ಇಳಿಯಿತು.

ನಿಜ ಯುದ್ಧಗಳ ದಾಖಲೆ ಇನ್ನೂ ಬಿಗಿ. 1982ರ ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಸೀ ಹ್ಯಾರಿಯರ್‌ಗಳು ಸುಮಾರು 20 ಅರ್ಜೆಂಟೀನಾ ವಿಮಾನಗಳನ್ನು ಹೊಡೆದುರುಳಿಸಿದವು. ವಿಮಾನ-ವಿಮಾನಗಳ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ನಮ್ಮ ನೌಕಾಪಡೆಯೂ 1983ರಿಂದ 2016ರವರೆಗೆ ಹಾರಿಸಿದ ಈ ವಿಮಾನದ ನಳಿಕೆಗಳು ತಿರುಗುವಂಥವೇ, ನೇರ ಮೇಲೇರಿ ನೇರ ಇಳಿಯುವುದಕ್ಕಾಗಿ. ಹಾಗಾಗಿ ಗಾಳಿಯಲ್ಲಿ ಗಕ್ಕನೆ ನಿಂತು ಶತ್ರುವನ್ನು ಮುಂದಕ್ಕೆ ಬಿಟ್ಟು ಹೊಡೆದರು ಎಂಬ ಕಥೆ ಹಬ್ಬಿತು. ಪೈಲಟ್‌ಗಳೇ ಅದನ್ನು ಅಲ್ಲಗಳೆದಿದ್ದಾರೆ. ಗೆಲುವು ತಂದದ್ದು ಹೊಸ ಸೈಡ್‌ವೈಂಡರ್ ಕ್ಷಿಪಣಿ, ಒಳ್ಳೆಯ ತರಬೇತಿ, ಮತ್ತು ಇಂಧನ ತೀರುವ ಆತಂಕದಲ್ಲಿ ಹಾರುತ್ತಿದ್ದ ಎದುರಾಳಿ. 2019ರ ಫೆಬ್ರುವರಿ 27ರಂದು ಪಾಕಿಸ್ತಾನದ ಎಫ್-16ಗಳು ದೂರದಿಂದ ಬಿಟ್ಟ ಆಮ್ರಾಮ್ ಕ್ಷಿಪಣಿಗಳಿಂದ ನಮ್ಮ ಸುಖೋಯ್‌ಗಳು ತಪ್ಪಿಸಿಕೊಂಡವೆಂದು ವಾಯುಪಡೆ ಹೇಳಿದೆ. ಕ್ಷಿಪಣಿಯ ಚೂರನ್ನೂ ಪ್ರದರ್ಶಿಸಿತು. ಆದರೆ ಅಂದು ಅವಕ್ಕೆ ತಿರುಗಿ ಹೊಡೆಯುವ ಅವಕಾಶ ಸಿಗಲಿಲ್ಲ, ಅವುಗಳ ಕ್ಷಿಪಣಿಯ ವ್ಯಾಪ್ತಿ ಸಾಲದಾಗಿತ್ತು ಎಂಬುದೇ ಆಮೇಲಿನ ಚರ್ಚೆಯ ತಿರುಳು. 2025ರ ಮೇ 7ರ ರಾತ್ರಿ ಭಾರತ, ಪಾಕಿಸ್ತಾನ ಎರಡೂ ಕಡೆಯ ವಿಮಾನಗಳು ಗಡಿ ದಾಟದೆಯೇ ಕಾದಾಡಿದವು. ಯಾರು ಎಷ್ಟು ಕಳೆದುಕೊಂಡರೆಂಬ ಲೆಕ್ಕದಲ್ಲಿ ಒಮ್ಮತವಿಲ್ಲದಿದ್ದರೂ, ಚೀನಾದ ಪಿಎಲ್-15 ಕ್ಷಿಪಣಿಯ ಅವಶೇಷ ಪಂಜಾಬಿನ ಹೊಲಗಳಲ್ಲಿ ಸಿಕ್ಕಿದ್ದು ಕಾಳಗದ ಸ್ವರೂಪವನ್ನು ಹೇಳುತ್ತದೆ. ಇನ್ನು ಎಫ್-22. 2005ರ ಕೊನೆಗೆ ಸೇವೆಗೆ ಬಂದ ಆ ವಿಮಾನ ಗಾಳಿಯಲ್ಲಿ ಮೊದಲ ಬೇಟೆಯಾಡಿದ್ದು 2023ರ ಫೆಬ್ರುವರಿಯಲ್ಲಿ. ಬೇಟೆ ಯಾವುದೆಂದರೆ ಚೀನಾದ ಒಂದು ಬಲೂನು.

ಇಲ್ಲಿ ಇತಿಹಾಸ ಬಲ್ಲವರು ಎದ್ದು ನಿಲ್ಲುತ್ತಾರೆ. 1960ರ ದಶಕದಲ್ಲೂ ‘ಇನ್ನು ಹತ್ತಿರದ ಕಾಳಗವಿಲ್ಲ, ಎಲ್ಲ ಕ್ಷಿಪಣಿಯದೇ’ ಎಂದು ಅಮೆರಿಕ ಫ್ಯಾಂಟಮ್ ವಿಮಾನಕ್ಕೆ ಬಂದೂಕನ್ನೇ ಇಡಲಿಲ್ಲ. ವಿಯೆಟ್ನಾಮಿನಲ್ಲಿ ಅವರ ಸ್ಪ್ಯಾರೊ ಕ್ಷಿಪಣಿ ಸುಮಾರು ಹತ್ತಕ್ಕೆ ಒಂದು ಸಲ ಗುರಿ ಮುಟ್ಟಿತು. ಪುಟ್ಟ ಮಿಗ್‌ಗಳು ಸುತ್ತುವರಿದು ಕಾಡಿದವು. ಮತ್ತೆ ಅದೇ ಅಹಂಕಾರವೇ? ಆಕ್ಷೇಪ ಗಟ್ಟಿಯಾದದ್ದು. ಆದರೆ ವಿಯೆಟ್ನಾಮಿನ ಪಾಠ ‘ಕ್ಷಿಪಣಿ ಯಾವತ್ತೂ ಕೈಕೊಡುತ್ತದೆ’ ಎಂಬುದಲ್ಲ. ಅಂದಿನ ಕ್ಷಿಪಣಿಯಲ್ಲಿ ಹಳೆಯ ಎಲೆಕ್ಟ್ರಾನಿಕ್ ನಿರ್ವಾತ ಕೊಳವೆಗಳಿದ್ದವು, ಅದನ್ನು ಕೊನೆಯವರೆಗೂ ವಿಮಾನದ ರಡಾರೇ ಬೆಳಕು ಬೀರಿ ನಡೆಸಬೇಕಿತ್ತು, ಶತ್ರು ಯಾರೆಂದು ಕಣ್ಣಾರೆ ಕಂಡಮೇಲೆ ಮಾತ್ರ ಹಾರಿಸಬೇಕೆಂಬ ನಿಯಮವೂ ಇತ್ತು. 1991ರ ಕೊಲ್ಲಿ ಯುದ್ಧದಲ್ಲಿ ಅದೇ ಸ್ಪ್ಯಾರೊ ವಂಶದ ಸುಧಾರಿತ ಕ್ಷಿಪಣಿ ಬೇರೆಲ್ಲ ಕ್ಷಿಪಣಿಗಳಿಗಿಂತ ಹೆಚ್ಚು ಇರಾಕಿ ವಿಮಾನಗಳನ್ನು ಕೆಡವಿತು. ವಿಯೆಟ್ನಾಮಿನ ಸೋಲಿಗೆ ಅಮೆರಿಕದ ನೌಕಾಪಡೆ ಕಂಡುಕೊಂಡ ಮದ್ದೂ ಯಂತ್ರವಾಗಿರಲಿಲ್ಲ. 1969ರಲ್ಲಿ ಶುರುವಾದ ಟಾಪ್ ಗನ್ ಶಾಲೆಯಾಗಿತ್ತು. ಹತ್ತಿರದ ಕಾಳಗ ಮತ್ತೆ ಎದುರಾದರೂ ಗೆಲ್ಲಿಸುವುದು ತರಬೇತಿ, ಹೆಲ್ಮೆಟ್, ಹಾಗೂ ಹಿಂದೆ ತಿರುಗಿಯೂ ಹೊಡೆಯುವ ಕ್ಷಿಪಣಿ. ಎಕ್ಸ್-31ರ ಗೆಲುವುಗಳು ಒಂಟಿಗೆ ಒಂಟಿಯಾದ ಸೆಣಸಾಟದವು ಎಂಬುದನ್ನು ಇಲ್ಲಿ ನೆನೆಯಬೇಕು. ನಾಲ್ಕು-ಎಂಟು ವಿಮಾನಗಳು ಸೇರಿದ ಕಾಳಗದಲ್ಲಿ ಒಬ್ಬನನ್ನು ಹೊಡೆಯಲೆಂದು ನಿಂತುಬಿಟ್ಟ ವಿಮಾನದ ಪಾಡು, ಒಬ್ಬನನ್ನು ಮುಟ್ಟುವ ಹಟದಲ್ಲಿ ಅಂಕಣದ ನಡುವೆ ಉಸಿರುಗಟ್ಟಿ ನಿಂತ ಕಬಡ್ಡಿ ಆಟಗಾರನದು. ಮಿಕ್ಕ ಆರು ಜನ ಸುಮ್ಮನಿರುವುದಿಲ್ಲ.

ಎರಡನೆಯ ಆಕ್ಷೇಪ ಭವಿಷ್ಯದ್ದು. ಎರಡೂ ಕಡೆಯವರ ವಿಮಾನ ರಡಾರಿಗೆ ಕಾಣದಂಥದ್ದಾದರೆ ದೂರದಿಂದ ಹೊಡೆಯಲಾಗದು, ಕೊನೆಗೆ ಕಣ್ಣಳತೆಯಲ್ಲೇ ಮುಖಾಮುಖಿಯಾಗುತ್ತವೆ, ಆಗ ನಳಿಕೆಯೇ ಗತಿ ಎನ್ನುತ್ತಾರೆ. ಇದರಲ್ಲಿ ಒಂದು ಪಾಲು ಸತ್ಯವಿದೆಯೆಂದು ಒಪ್ಪುತ್ತೇನೆ. ಆದರೆ ರಡಾರಿಗೆ ಕಾಣದ ವಿಮಾನವೂ ಎಂಜಿನ್ನಿನ ಶಾಖವನ್ನು ಪೂರ್ತಿ ಬಚ್ಚಿಡಲಾರದು. ಶಾಖ ಹಿಡಿಯುವ ಸಂವೇದಕಗಳು ಕಣ್ಣಿಗಿಂತ ಬಹು ದೂರ ನೋಡುತ್ತವೆ. ಕಣ್ಣಳತೆಗೆ ಬಂದಮೇಲಂತೂ ಇಬ್ಬರ ಬಳಿಯೂ ಹೆಲ್ಮೆಟ್-ಕ್ಷಿಪಣಿ ಜೋಡಿ ಇದ್ದರೆ ಹೆಚ್ಚಿನ ಸಂಭವ ಇಬ್ಬರೂ ಸಾಯುವುದು. ಒಂದೆರಡು ಸೆಕೆಂಡು ಮೊದಲು ಮೂಗು ತಿರುಗಿಸಿದವನ ಕ್ಷಿಪಣಿ ಮೊದಲು ಹೊರಡಬಹುದು, ಆದರೆ ಅದು ತಲುಪುವ ಮುನ್ನ ಎದುರಾಳಿಯದೂ ಹೊರಟಿರುತ್ತದೆ. ಕಣ್ಣಳತೆಗೆ ಬರದಂತೆ ನೋಡಿಕೊಳ್ಳುವುದೇ ಇದಕ್ಕೆ ಜಾಣತನ.

ನಳಿಕೆ ತಿರುಗಿಸಿ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಬಹುದು ಎಂಬುದು ಅಂತರ್ಜಾಲದ ಪಂಡಿತರ ಅಚ್ಚುಮೆಚ್ಚಿನ ವಾದ. ರಡಾರು ಗುರಿಯನ್ನು ಅದರ ಚಲನೆಯಿಂದ ಗುರುತಿಸುತ್ತದೆ, ವಿಮಾನ ನಿಂತುಬಿಟ್ಟರೆ ರಡಾರಿಗೆ ಮಾಯವಾಗುತ್ತದೆ ಎನ್ನುತ್ತಾರೆ. ರಡಾರಿನ ಕಡೆಗೆ ಅಡ್ಡಲಾಗಿ ತಿರುಗಿ ಹಾರಿದರೂ ಅದೇ ಪರಿಣಾಮ ಸಿಗುತ್ತದೆ, ಒಂದು ಚೂರೂ ವೇಗ ಕಳೆದುಕೊಳ್ಳದೆ. ಪೈಲಟ್‌ಗಳು ದಶಕಗಳಿಂದ ಮಾಡುತ್ತಿರುವುದೂ ಅದನ್ನೇ. ದೂರದಿಂದ ಬರುವ ಕ್ಷಿಪಣಿಯ ಇಂಧನ ಮೊದಲ ಕೆಲ ಸೆಕೆಂಡುಗಳಲ್ಲೇ ಉರಿದು ಮುಗಿದಿರುತ್ತದೆ, ಆಮೇಲೆ ಅದು ಬಿಟ್ಟ ಬಾಣ. ಅದನ್ನು ದಣಿಸಲು ಬೇಕಾದದ್ದು ಓಟ, ತಿರುವು, ಇಳಿತ, ವಿದ್ಯುನ್ಮಾನ ವಂಚನೆ. ಸಮೀಪಕ್ಕೆ ಬಂದರೆ ಸಾಕು, ತಾನೇ ಸಿಡಿಯುವ ಕ್ಷಿಪಣಿಯ ಎದುರು ಗಾಳಿಯಲ್ಲಿ ನಿಲ್ಲುವುದು ಎದೆಯೊಡ್ಡಿದಂತೆ.

ಹಾಗಾದರೆ ಎಫ್-22ಗೆ ಆ ನಳಿಕೆ ಯಾಕೆ? ಇಲ್ಲಿಗೆ ಬಂದಾಗಲೇ ಈ ವಿದ್ಯೆಯ ನಿಜಗುಣ ಕಾಣುವುದು. ಅರವತ್ತು ಸಾವಿರ ಅಡಿಯ ಸನಿಹ ಗಾಳಿ ಎಷ್ಟು ತೆಳುವೆಂದರೆ ಬಾಲದ ಫಲಕಗಳಿಗೆ ಹಿಡಿತವೇ ಸಿಗುವುದಿಲ್ಲ. ಶಬ್ದಾತೀತ ವೇಗದಲ್ಲಿ ರೆಕ್ಕೆಯ ಎತ್ತುಬಲದ ಕೇಂದ್ರ ಹಿಂದಕ್ಕೆ ಸರಿಯುವುದರಿಂದ ಮೂಗು ಬಾಗದಂತೆ ಬಾಲದ ಫಲಕವನ್ನು ಸದಾ ಓರೆ ಹಿಡಿಯಬೇಕು; ಅದು ಗಾಳಿಯ ಎಳೆತ ಹೆಚ್ಚಿಸುತ್ತದೆ, ಓರೆಯಾದ ಫಲಕ ರಡಾರಿಗೂ ಕಾಣುತ್ತದೆ. ಈ ಹೊರೆಯ ಒಂದು ಭಾಗವನ್ನು ನಳಿಕೆ ಹೊತ್ತರೆ ವಿಮಾನ ಆ ಎತ್ತರದಲ್ಲಿ, ಆ ವೇಗದಲ್ಲಿ ಸಲೀಸಾಗಿ ತಿರುಗುತ್ತದೆ. ಅಲ್ಲಿಂದ ಬಿಟ್ಟ ಕ್ಷಿಪಣಿ ಹೆಚ್ಚು ದೂರ ಹೋಗುತ್ತದೆ. ವೇಗ ಕಳೆಯುವ ಕೆಲಸವಲ್ಲ ಇದು, ಉಳಿಸುವ ಕೆಲಸ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಬಾಲವನ್ನೇ ತೆಗೆದುಹಾಕಬಹುದು. ಎಕ್ಸ್-31 ಬಾಲವಿಲ್ಲದಂತೆ ಹಾರುವ ಪ್ರಯೋಗವನ್ನು ಮಾಡಿತ್ತು. 1997ರಲ್ಲಿ ಹಾರಿದ ಪುಟ್ಟ ಎಕ್ಸ್-36ಕ್ಕೆ ಬಾಲವೇ ಇರಲಿಲ್ಲ. ನಿಂತ ಬಾಲ ರಡಾರಿಗೆ ದೊಡ್ಡ ಗುರುತು. ಮುಂದಿನ ತಲೆಮಾರಿನ ವಿಮಾನಗಳು ಅದನ್ನು ಕಳಚಲು ಹೊರಟಿರುವಾಗ ತಿರುಗುವ ನಳಿಕೆಗೆ ಹೊಸ ಬಾಳು ಸಿಗಬಹುದು. ಆದರೆ ಆ ನಳಿಕೆ ಒಂದೆರಡು ಡಿಗ್ರಿ ಅಲುಗುವುದನ್ನು ನೆಲದ ಮೇಲಿರುವ ಯಾರೂ ಕಂಡು ಚಪ್ಪಾಳೆ ಹೊಡೆಯುವುದಿಲ್ಲ.

ಈ ಚರ್ಚೆ ನಮಗೆ ದೂರದ್ದಲ್ಲ. 2002ರಲ್ಲಿ ಪುಣೆಯ ಲೋಹೆಗಾಂವ್‌ನಲ್ಲಿ ವಾಯುಪಡೆ ಸೇರಿದ ಸುಖೋಯ್-30 ಎಂಕೆಐ ಇಂದು ಇನ್ನೂರೈವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಮ್ಮ ಬೆನ್ನೆಲುಬಾಗಿದೆ. ಎಚ್‌ಎಎಲ್ ಅದನ್ನು ನಾಸಿಕದಲ್ಲಿ, ಎಂಜಿನ್ನನ್ನು ಕೋರಾಪುಟ್‌ನಲ್ಲಿ ತಯಾರಿಸಿತು. ತಿರುಗುವ ನಳಿಕೆ ಎಂಜಿನ್ನಿಗೆ ತೂಕ ಸೇರಿಸುತ್ತದೆ, ಅದೂ ವಿಮಾನದ ತುತ್ತತುದಿಯಲ್ಲಿ. ಉರಿಯುವ ಅನಿಲದ ನಡುವೆ ಅಲುಗಾಡುವ ಕೀಲುಗಳ ನಿರ್ವಹಣೆಯೂ ಹೆಚ್ಚು. ಆ ನಳಿಕೆ ತಂದವರೇ ಆಮೇಲೆ ಯಾವುದಕ್ಕೆ ಹಣ ಸುರಿದರು ನೋಡಿ. 36 ರಫೇಲ್ ಕೊಂಡರು, ಅದರಲ್ಲಿ ತಿರುಗುವ ನಳಿಕೆ ಇಲ್ಲ. ತೇಜಸ್‌ನಲ್ಲೂ ಇಲ್ಲ. ಸುಖೋಯ್‌ಗಳ ನವೀಕರಣ ಯೋಜನೆಯಲ್ಲಿ ಬೆಂಗಳೂರಿನಲ್ಲೇ ರೂಪುಗೊಳ್ಳುತ್ತಿರುವ ವಿರೂಪಾಕ್ಷ ರಡಾರ್, ವಿದ್ಯುನ್ಮಾನ ಸಮರದ ಸಲಕರಣೆ, ಅಸ್ತ್ರ ಕ್ಷಿಪಣಿಗಳ ಮಾತಿದೆ, ನಳಿಕೆಯ ಮಾತಿಲ್ಲ. ಬ್ರಹ್ಮೋಸ್‌ನಂಥ ಎರಡೂವರೆ ಟನ್ನಿನ ಕ್ಷಿಪಣಿಯನ್ನು ಹೊಟ್ಟೆಯಡಿ ಕಟ್ಟಿಕೊಂಡ ವಿಮಾನ ಗಿರಕಿ ಹೊಡೆಯುವುದೂ ಇಲ್ಲ. ವಾಯುಪಡೆಗೆ ಗೊತ್ತಿರುವುದು ನಮ್ಮ ಟೀವಿ ಚರ್ಚೆಗಳಿಗೆ ಇನ್ನೂ ಗೊತ್ತಾಗಿಲ್ಲ. ಅಲ್ಲಿ ಈಗಲೂ ಯಾವ ವಿಮಾನ ಎಷ್ಟು ಚೆನ್ನಾಗಿ ಹೊರಳಿತು ಎಂಬುದರ ಮೇಲೆ ಸುಖೋಯ್-57 ಬೇಕೋ ಎಫ್-35 ಬೇಕೋ ಎಂಬ ತೀರ್ಪು ಬರುತ್ತದೆ.

ಬೆಂಗಳೂರಿನ ಎಡಿಎ ವಿನ್ಯಾಸ ಮಾಡುತ್ತಿರುವ ಎಎಂಸಿಎ ವಿಮಾನಕ್ಕೂ ತಿರುಗುವ ನಳಿಕೆ ಬೇಕೆಂಬ ಕೂಗು ಆಗಾಗ ಏಳುತ್ತದೆ. ಆ ವಿನ್ಯಾಸಕ್ಕೆ ನಿಂತ ಬಾಲಗಳೂ ಇವೆ, ಮಲಗಿದ ಬಾಲಗಳೂ ಇವೆ. ಮೊದಲಿಗೆ ಅದು ಹಾರುವುದು ಅಮೆರಿಕದ ಎಫ್-414 ಎಂಜಿನ್ನಿನಿಂದ. ಫ್ರಾನ್ಸಿನ ಸಾಫ್ರಾನ್ ಜೊತೆಗೂಡಿ 120 ಕಿಲೋನ್ಯೂಟನ್ ದರ್ಜೆಯ ಎಂಜಿನ್ ಮಾಡುವ ಯೋಜನೆ ಇನ್ನೂ ಮುಂದಿದೆ. 1980ರ ದಶಕದಲ್ಲಿ ಶುರುವಾದ ಕಾವೇರಿ ಎಂಜಿನ್ ತೇಜಸ್‌ಗೆ ಸಾಲದೆ 2008ರಲ್ಲಿ ಅದರಿಂದ ಬೇರ್ಪಟ್ಟದ್ದನ್ನು ಕಂಡ ದೇಶ ನಮ್ಮದು. ಇಂಥ ಹೊತ್ತಿನಲ್ಲಿ ಎಂಜಿನ್ ತಂಡದ ಮೇಲೆ ನಳಿಕೆಯ ಹೆಚ್ಚುವರಿ ಹೊರೆ ಹಾಕಬಾರದು. ಬೇಕಾದಷ್ಟು ನೂಕುಬಲ, ಶಾಖವನ್ನು ಅಡಗಿಸುವ ಹಿಂಭಾಗ, ಬಿಡಿಭಾಗ ಕಾಯದೆ ದಿನವೂ ಹಾರಬಲ್ಲ ಬಾಳಿಕೆ, ಇವು ಮೊದಲು ಬರಲಿ. ಬಾಲವಿಲ್ಲದ ವಿಮಾನ ಮಾಡಲು ಹೊರಟ ದಿನ ತಿರುಗುವ ನಳಿಕೆಯನ್ನು ಕೇಳೋಣ; ಎಎಂಸಿಎಗೆ ಅದು ಬೇಡ.